ಬೆಟ್ಟ ನುಡಿದದ್ದು, ಪ್ರಭುತ್ವ ಕೇಳದ್ದು

1985ರ ನವೆಂಬರ್ 13ರ ರಾತ್ರಿ ಕೊಲಂಬಿಯಾದ ನೆವಾದೊ ದೆಲ್ ರೂಯಿಸ್ ಜ್ವಾಲಾಮುಖಿ ಸ್ಫೋಟಿಸಿತು. ಸ್ಫೋಟ ದೊಡ್ಡದೇನಲ್ಲ. ಆದರೆ ಅದರ ಬಿಸಿಗೆ ಶಿಖರದ ಹಿಮ ಕರಗಿ, ಬೂದಿ ಬಂಡೆಗಳೊಡನೆ ಕೆಸರಿನ ಪ್ರವಾಹವಾಗಿ ಕಣಿವೆಗಿಳಿಯಿತು. ಅದು ಆರ್ಮೆರೊ ಪಟ್ಟಣವನ್ನು ತಲುಪಲು ಎರಡು ಗಂಟೆಗೂ ಹೆಚ್ಚು ಕಾಲ ಹಿಡಿಯಿತು. ಎತ್ತರದ ನೆಲಕ್ಕೆ ನಡೆದುಹೋಗಲು ಅಷ್ಟು ಸಮಯ ಸಾಕಿತ್ತು. ಆದರೂ ಸುಮಾರು 23,000 ಜನ ಸತ್ತರು.

ಇದನ್ನು ಪ್ರಕೃತಿ ವಿಕೋಪವೆಂದಷ್ಟೇ ಕರೆಯುವುದು ಅರ್ಧಸತ್ಯ. ಬೆಟ್ಟ ಒಂದು ವರ್ಷದಿಂದ ನಡುಗುತ್ತಿತ್ತು. ಸ್ಫೋಟಕ್ಕೆ ತಿಂಗಳ ಮೊದಲೇ ಸಿದ್ಧವಾಗಿದ್ದ ಅಪಾಯದ ನಕ್ಷೆಯಲ್ಲಿ ಆರ್ಮೆರೊ ಕೆಸರಿನ ದಾರಿಯಲ್ಲೇ ಇತ್ತು. ತೆರವಿನ ಖರ್ಚಿಗೂ ಹುಸಿ ಎಚ್ಚರಿಕೆಯ ಅಪಕೀರ್ತಿಗೂ ಅಂಜಿದ ಆಡಳಿತ ಕಾಯುತ್ತ ಕುಳಿತಿತು.

ಆ ದುರಂತದ ಪಾಠವಾಗಿ 1986ರಲ್ಲಿ ಅಮೆರಿಕದ ಭೂವೈಜ್ಞಾನಿಕ ಸಮೀಕ್ಷೆ ಮತ್ತು ವಿದೇಶಿ ನೆರವಿನ ಸಂಸ್ಥೆ ಯುಎಸ್‌ಎಐಡಿ ಸೇರಿ ಜ್ವಾಲಾಮುಖಿ ನೆರವಿನ ತಂಡವೊಂದನ್ನು ಕಟ್ಟಿದವು. 1991ರ ಏಪ್ರಿಲ್‌ನಲ್ಲಿ ಸುಮಾರು ಐನೂರು ವರ್ಷ ಮಲಗಿದ್ದ ಪಿನಾಟುಬೊ ಎಚ್ಚರಗೊಂಡಾಗ, ಈ ತಂಡ ಫಿಲಿಪೀನ್ಸ್ ವಿಜ್ಞಾನಿಗಳ ಜೊತೆಗೂಡಿತು. ಬಂಡೆ ಸೀಳಿ ಮೇಲೇರುವ ಶಿಲಾಪಾಕದ ಕಂಪನಗಳನ್ನು ಭೂಕಂಪಮಾಪಕಗಳು ದಾಖಲಿಸಿದವು. ದಿನಕ್ಕೆ ಸುಮಾರು 500 ಟನ್‌ನಷ್ಟು ಹೊರಬರುತ್ತಿದ್ದ ಸಲ್ಫರ್ ಡೈಆಕ್ಸೈಡ್ ಎರಡು ವಾರಗಳಲ್ಲಿ 5,000 ಟನ್ ದಾಟಿತು. ಐದು ಹಂತಗಳ ಎಚ್ಚರಿಕೆ ವ್ಯವಸ್ಥೆಯ ಮೂಲಕ ಈ ಅರಿವು ಜನರನ್ನು ತಲುಪಿತು. ಜೂನ್ 15ರ ಮಹಾಸ್ಫೋಟಕ್ಕೆ ಮುನ್ನ ಹತ್ತಾರು ಸಾವಿರ ಜನ ಸ್ಥಳಾಂತರಗೊಂಡರು. ಕನಿಷ್ಠ 5,000 ಜೀವಗಳು ಉಳಿದವೆಂಬುದು ಅಂದಾಜು.

ಈ ಯಶಸ್ಸಿಗೂ ಕಪ್ಪು ಅಂಚಿದೆ. ಬೆಟ್ಟದ ಇಳಿಜಾರಿನ ಮೂಲನಿವಾಸಿಗಳಾದ ಐಟಾ ಜನರಲ್ಲಿ ಹಲವರು ಸ್ಫೋಟದಿಂದ ಪಾರಾದರೂ, ಕಿಕ್ಕಿರಿದ ಶಿಬಿರಗಳಲ್ಲಿ ದಡಾರಕ್ಕೆ ಬಲಿಯಾದರು. ಉಪಕರಣ ಜೀವ ಉಳಿಸುವುದು ಸಮಾಜವೂ ಜೊತೆಗಿದ್ದಾಗ ಮಾತ್ರ.

ಹುಸಿ ಎಚ್ಚರಿಕೆಯ ಆಕ್ಷೇಪವನ್ನು ತಳ್ಳಿಹಾಕಲಾಗದು. 1976ರಲ್ಲಿ ಗ್ವಾಡಲೂಪ್ ದ್ವೀಪದಲ್ಲಿ ಸುಮಾರು 70,000 ಜನರನ್ನು ತಿಂಗಳುಗಟ್ಟಲೆ ಮನೆಯಿಂದ ದೂರವಿಟ್ಟರು. ನಿರೀಕ್ಷಿತ ಮಹಾಸ್ಫೋಟ ಸಂಭವಿಸಲಿಲ್ಲ. ಆದರೆ ಅದಕ್ಕೆ ಪರಿಹಾರ ನೋಡದೆ ಇರುವುದಲ್ಲ, ವರ್ಷಗಟ್ಟಲೆ ಬಿಡದೆ ನೋಡುವುದು. ಬೆಟ್ಟದ ನೆಮ್ಮದಿಯ ದಿನಗಳನ್ನು ಬಲ್ಲವರಿಗಷ್ಟೇ ಅದರ ಚಡಪಡಿಕೆ ತಿಳಿಯುತ್ತದೆ.

ಕಾಂಗೋದ ಗೋಮಾ ನಗರದಲ್ಲಿ ಮುರಿದುಬಿದ್ದದ್ದು ಈ ಎಡೆಬಿಡದ ನೋಟವೇ. 2020ರಲ್ಲಿ ಅಲ್ಲಿನ ವೀಕ್ಷಣಾಲಯಕ್ಕೆ ವಿಶ್ವಬ್ಯಾಂಕಿನ ನೆರವು ನಿಂತಿತು. ಇಂಟರ್ನೆಟ್ ಶುಲ್ಕ ಕಟ್ಟಲೂ ಹಣವಿಲ್ಲದೆ ದೂರದ ಕೇಂದ್ರಗಳ ಮಾಹಿತಿ ತಿಂಗಳುಗಟ್ಟಲೆ ಕೈತಪ್ಪಿತು. 2021ರ ಮೇ 22ರಂದು ನೈರಾಗೊಂಗೊ ಮುನ್ಸೂಚನೆಯಿಲ್ಲದೆ ಲಾವಾರಸ ಹರಿಸಿತು.

2025ರಲ್ಲಿ ಯುಎಸ್‌ಎಐಡಿಯ ಬಾಗಿಲನ್ನೇ ಮುಚ್ಚಲಾಯಿತು. ಆರ್ಮೆರೊದ ಸಾವುಗಳಿಂದ ಕಲಿತ ಪಾಠಕ್ಕೆ ಹಣ ಒದಗಿಸಿದ ಸಂಸ್ಥೆಯದು. ಇಂಥ ನೆರವಿನ ಹಿಂದೆ ಶ್ರೀಮಂತ ರಾಷ್ಟ್ರಗಳ ಹಿತಾಸಕ್ತಿಯೂ ಇದ್ದದ್ದು ನಿಜ. ಅದನ್ನು ಪ್ರಶ್ನಿಸುವುದು ಒಂದು, ಭೂಕಂಪಮಾಪಕದ ಬ್ಯಾಟರಿಯನ್ನೇ ಕಿತ್ತುಕೊಳ್ಳುವುದು ಇನ್ನೊಂದು.

ಕನ್ನಡ ನಾಡಿನಲ್ಲಿ ಜೀವಂತ ಜ್ವಾಲಾಮುಖಿಯಿಲ್ಲ. ಭಾರತದ ಏಕೈಕ ಸಕ್ರಿಯ ಜ್ವಾಲಾಮುಖಿ ಅಂಡಮಾನಿನ ನಿರ್ಜನ ಬ್ಯಾರನ್ ದ್ವೀಪದಲ್ಲಿದೆ. ಆದರೆ ನಮ್ಮಲ್ಲಿ ಅನೇಕರು ತೆರಿಗೆ ಕಟ್ಟುವುದು, ಕೆಲವರು ಮತ ಹಾಕುವುದು, ಈ ನೆರವಿನ ಭವಿಷ್ಯ ನಿರ್ಧಾರವಾಗುವ ದೇಶಗಳಲ್ಲಿ. ಯುದ್ಧಸಾಮಗ್ರಿಗೆ ಹಣ ಹೊಂದಿಸುವ ಸರ್ಕಾರಗಳು ಬೆಟ್ಟ ಕಾಯುವವರ ಸಂಬಳ ಕಡಿತಗೊಳಿಸುವಾಗ, ನಮ್ಮ ಪ್ರತಿನಿಧಿಗಳನ್ನು ಪ್ರಶ್ನಿಸುವ ಹೊಣೆ ನಮ್ಮದೂ ಹೌದು.