ಬಿಸ್ಮಿಗಿಂತ ಮೊದಲಿನ ನಲ್ವತ್ತು ದಿನ

ಕೋಳಿ ಅಂಗಡಿಯ ಮುಂದೆ ನಿಂತಾಗ ನಾವು ಕೇಳುವುದು ಎರಡೇ ಪ್ರಶ್ನೆ. ಕಿಲೋಗೆ ಎಷ್ಟು? ಕೊಯ್ಯುವವರು ನಮ್ಮವರೇ ತಾನೇ? ಎರಡಕ್ಕೂ ಉತ್ತರ ಸಿಕ್ಕಿತೆಂದರೆ ಚೀಲ ಹಿಡಿದು ಮನೆಗೆ ಬರುತ್ತೇವೆ. ಬಿಸ್ಮಿ ಹೇಳಿ ಕತ್ತಿಯಾಡಿಸುವ ಆ ಒಂದು ನಿಮಿಷದ ಬಗ್ಗೆ ನಮಗಿರುವ ಎಚ್ಚರ, ಅದಕ್ಕಿಂತ ಮೊದಲು ಆ ಕೋಳಿ ಬದುಕಿದ ದಿನಗಳ ಬಗ್ಗೆ ಏಕಿಲ್ಲ? ಓದುಗರೇ, ಬ್ರಾಯ್ಲರ್ ಕೋಳಿಯ ಇಡೀ ಆಯುಷ್ಯ ಸುಮಾರು ನಲ್ವತ್ತು ದಿನ.

ನಮ್ಮ ಅಜ್ಜಿಯಂದಿರು ಸಾಕುತ್ತಿದ್ದ ಊರ ಕೋಳಿ ಪದಾರ್ಥಕ್ಕೆ ಬರಬೇಕಾದರೆ ತಿಂಗಳುಗಟ್ಟಲೆ ಕಾಯಬೇಕಿತ್ತು. ಇದು ಆರೇ ವಾರಗಳಲ್ಲಿ ಎರಡು ಕಿಲೋ ದಾಟುತ್ತದೆ. ಕೆನಡಾದ ಅಲ್ಬರ್ಟಾ ವಿಶ್ವವಿದ್ಯಾನಿಲಯದವರು 1957ರ ತಳಿಯ ಕೋಳಿಗಳನ್ನೂ 2005ರ ತಳಿಯ ಕೋಳಿಗಳನ್ನೂ ಒಂದೇ ಬಗೆಯ ಆಹಾರ ಕೊಟ್ಟು ಬೆಳೆಸಿ, 2014ರಲ್ಲಿ ಫಲಿತಾಂಶ ಪ್ರಕಟಿಸಿದರು. 56 ದಿನಗಳಾದಾಗ ಹಳೆಯ ತಳಿಯ ತೂಕ 905 ಗ್ರಾಂ. ಹೊಸದರ ತೂಕ 4,202 ಗ್ರಾಂ! ಜನ ಹೇಳುವಂತೆ ಇದು ಹಾರ್ಮೋನ್ ಚುಚ್ಚಿ ಉಬ್ಬಿಸಿದ್ದಲ್ಲ. ಬೇಗ ಬೆಳೆಯುವುದನ್ನೇ ಆರಿಸಿ ಆರಿಸಿ ತಳಿಯನ್ನೇ ಹಾಗೆ ಮಾಡಲಾಗಿದೆ. ಮಾಂಸ ಬೆಳೆಯುವ ವೇಗಕ್ಕೆ ಎಲುಬೂ ಹೃದಯವೂ ಹೊಂದಿಕೊಳ್ಳುವುದಿಲ್ಲ. ಕೊನೆಯ ವಾರ ಎಷ್ಟೋ ಕೋಳಿಗಳು ನಾಲ್ಕು ಹೆಜ್ಜೆ ಇಟ್ಟು ಕುಸಿದು ಕೂರುತ್ತವೆ. ಕೂರುವುದಾದರೂ ಎಲ್ಲಿ? ತಮ್ಮದೇ ಹಿಕ್ಕೆ ಬೆರೆತ ಹೊಟ್ಟಿನ ಮೇಲೆ. ಅದರಿಂದ ಏಳುವ ಅಮೋನಿಯಾಕ್ಕೆ ಕಣ್ಣುರಿ, ಒದ್ದೆ ಹೊಟ್ಟಿಗೆ ಕಾಲಿನಡಿಯ ಚರ್ಮದಲ್ಲಿ ಹುಣ್ಣು.

ಮೊಟ್ಟೆ ಕೋಳಿಯ ಪಾಡು ಇನ್ನೂ ಕಷ್ಟದ್ದು. ತಂತಿಯ ಗೂಡಿನಲ್ಲಿ ಒಂದೊಂದಕ್ಕೂ ಸಿಗುವ ಜಾಗ ನಿಮ್ಮ ಕೈಯಲ್ಲಿರುವ ಈ ಪತ್ರಿಕೆಯ ಒಂದು ಪುಟಕ್ಕಿಂತ ದೊಡ್ಡದೇನಲ್ಲ. ರೆಕ್ಕೆ ಬಿಚ್ಚಲಾಗದು, ಮಣ್ಣು ಕೆದಕಲಾಗದು. ಒಂದನ್ನೊಂದು ಕುಕ್ಕದಿರಲೆಂದು ಮರಿಯಾಗಿದ್ದಾಗಲೇ ಬಿಸಿ ಅಲಗಿನಿಂದ ಕೊಕ್ಕಿನ ತುದಿ ಕತ್ತರಿಸುತ್ತಾರೆ. ಈ ತಳಿಯಲ್ಲಿ ಹುಟ್ಟಿದ ಗಂಡು ಮರಿಗಳು ಮೊಟ್ಟೆಗೂ ಇಲ್ಲ, ಮಾಂಸಕ್ಕೂ ಲಾಭವಿಲ್ಲ. ಹಾಗಾಗಿ ಮೊದಲ ದಿನವೇ ಅವುಗಳನ್ನು ಕೊಲ್ಲಲಾಗುತ್ತದೆ. ಯುರೋಪಿಯನ್ ಒಕ್ಕೂಟ 2012ರಿಂದ ಇಂಥ ಬರಿ ತಂತಿಗೂಡುಗಳನ್ನು ನಿಷೇಧಿಸಿತು. ನಮ್ಮ ದೇಶದ ಕಾನೂನು ಆಯೋಗವೂ 2017ರಲ್ಲಿ ತನ್ನ 269ನೇ ವರದಿಯಲ್ಲಿ ಕೋಳಿ ಸಾಕಣೆಗೆ ಕರಡು ನಿಯಮಗಳನ್ನೇ ಬರೆದುಕೊಟ್ಟಿತು.

ಮದ್ರಸದಲ್ಲಿ ಫಿಕ್ಹ್ ಓದಿದವರಿಗೆ 'ಜಲ್ಲಾಲ' ಎಂಬ ಪದ ನೆನಪಿರಬಹುದು. ಹೊಲಸು ತಿಂದು ಬೆಳೆದ ಪ್ರಾಣಿ ಎಂದರ್ಥ. ಅದರ ಮಾಂಸ ಮತ್ತು ಹಾಲನ್ನು ಪ್ರವಾದಿ(ಸ)ರು ವಿರೋಧಿಸಿದ್ದಾರೆ. ಕೋಳಿಯಾದರೆ ಮೂರು ದಿನ ಕಟ್ಟಿಹಾಕಿ, ಶುದ್ಧ ಆಹಾರ ಕೊಟ್ಟು ಆಮೇಲೆ ತಿನ್ನುವ ರೂಢಿ ಇಬ್ನು ಉಮರ್(ರ)ರದ್ದಾಗಿತ್ತೆಂದು ವರದಿಯಿದೆ. ಬ್ರಾಯ್ಲರ್ ಕೋಳಿ ಜಲ್ಲಾಲ ಎಂದು ನಾನು ಹೇಳುತ್ತಿಲ್ಲ. ಅದು ತಿನ್ನುವುದು ಮೆಕ್ಕೆಜೋಳ ಮತ್ತು ಸೋಯಾ ಹಿಂಡಿ. ಹರಾಮ್ ಎನ್ನುವುದಂತೂ ನನ್ನ ಕೆಲಸವಲ್ಲ. ಆದರೆ ಕತ್ತಿಗೆ ಬರುವ ಮೊದಲು ಪ್ರಾಣಿ ಹೇಗಿತ್ತು ಎಂಬ ಪ್ರಶ್ನೆ ನಮ್ಮ ಧರ್ಮಶಾಸ್ತ್ರಕ್ಕೆ ಹೊಸದಲ್ಲ ಎಂಬುದನ್ನು ಗಮನಿಸಿ. ನಮ್ಮ ಕರಾವಳಿಯವರು ಅನುಸರಿಸುವ ಶಾಫಿಈ ಮದ್‌ಹಬ್‌ನ ದೊಡ್ಡ ವಿದ್ವಾಂಸ ಇಝ್ಝುದ್ದೀನ್ ಇಬ್ನು ಅಬ್ದಿಸ್ಸಲಾಮ್ 1262ರಲ್ಲಿ ತೀರಿಕೊಂಡವರು. ಮನುಷ್ಯನ ಮೇಲೆ ಪ್ರಾಣಿಗಳಿಗಿರುವ ಹಕ್ಕುಗಳನ್ನು ಅವರು ಪಟ್ಟಿ ಮಾಡಿದ್ದಾರೆ: ಮುದಿಯಾದರೂ ಕಾಯಿಲೆ ಬಿದ್ದರೂ ಮೇವು ಕೊಡಬೇಕು, ತಾಳಲಾರದ ಭಾರ ಹೇರಬಾರದು, ಗಾಯ ಮಾಡುವಂಥವುಗಳ ಜೊತೆ ಕೂಡಿಹಾಕಬಾರದು, ಅದರ ಕಣ್ಣೆದುರು ಮರಿಯನ್ನು ಕೊಯ್ಯಬಾರದು. ತನ್ನ ದೇಹವೇ ತನಗೆ ತಾಳಲಾರದ ಭಾರವಾದ ಕೋಳಿಯನ್ನು ಅವರು ಕಂಡಿರಲಾರರು.

ಕೋಳಿಯ ಸಂಕಟ ಕೋಳಿಯಲ್ಲೇ ಮುಗಿಯುವುದಿಲ್ಲ. ಇಷ್ಟು ಒತ್ತಾಗಿ ತುಂಬಿದ ಶೆಡ್‌ನಲ್ಲಿ ರೋಗ ತಡೆಯಲು ಔಷಧಿ ಬೇಕು. ಬೇಗ ತೂಕ ಬರಲೆಂದೂ ಆ್ಯಂಟಿಬಯಾಟಿಕ್ ಬೆರೆಸುವ ಅಭ್ಯಾಸ ಬೆಳೆಯಿತು. ದಿಲ್ಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ 2014ರಲ್ಲಿ 70 ಕೋಳಿ ಮಾಂಸದ ಮಾದರಿಗಳನ್ನು ಪರೀಕ್ಷಿಸಿದಾಗ ಶೇ. 40ರಲ್ಲಿ ಅದರ ಉಳಿಕೆ ಸಿಕ್ಕಿತು. ಬೇರೆ ಔಷಧಿ ನಾಟದಿದ್ದಾಗ ವೈದ್ಯರು ಕೊನೆಗೆ ಕೈಹಾಕುವ ಕೋಲಿಸ್ಟಿನ್ ಕೂಡ ಕೋಳಿ ಫಾರಂ ಸೇರಿತ್ತು. ಕೇಂದ್ರ ಸರಕಾರ ಅದನ್ನು ನಿಷೇಧಿಸಿದ್ದು 2019ರ ಜುಲೈಯಲ್ಲಿ. ಔಷಧಿಗೆ ಜಗ್ಗದ ರೋಗಾಣು ಶೆಡ್‌ನ ಗೋಡೆಯೊಳಗೆ ನಿಲ್ಲುವುದಿಲ್ಲ. ಹಿಕ್ಕೆಯ ಗೊಬ್ಬರದೊಂದಿಗೆ ಗದ್ದೆಗೆ, ಮಳೆ ನೀರಿನೊಂದಿಗೆ ಬಾವಿಗೆ ಬರುತ್ತದೆ. ಜ್ವರ ಬಂದ ಮಗುವಿಗೆ ಮೂರು ಬಾರಿ ಔಷಧಿ ಬದಲಿಸಬೇಕಾಗಿ ಬಂದ ತಾಯಂದಿರು ಇದನ್ನೂ ಒಂದು ಕಾರಣವಾಗಿ ನೆನಪಿಡಬೇಕು. ಇನ್ನು ಫಾರಂ ಪಕ್ಕದ ಮನೆಗಳವರನ್ನು ಕೇಳಿ ನೋಡಿ. ಊಟದ ತಟ್ಟೆಗೆ ಮುತ್ತುವ ನೊಣಗಳ ಕಥೆ ಹೇಳುತ್ತಾರೆ.

"ಬಡವನಿಗೆ ಅಗ್ಗದಲ್ಲಿ ಮಾಂಸ ಸಿಗುವುದೂ ಬೇಡವೇ ಉಸ್ತಾದ್?" ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಆದರೆ ಬಿ.ಎ.ಯಲ್ಲಿ ಓದಿದ ಅಲ್ಪಸ್ವಲ್ಪ ಅರ್ಥಶಾಸ್ತ್ರ ನನಗೆ ಹೇಳುವುದಿಷ್ಟು: ಅಗ್ಗದ ವಸ್ತುವಿನ ಉಳಿದ ಬೆಲೆಯನ್ನು ಬೇರೆ ಯಾರೋ ಕೊಟ್ಟಿರುತ್ತಾರೆ. ಇಲ್ಲಿ ಕೋಳಿ ಕೊಟ್ಟಿದೆ, ಬಾವಿ ಕೊಟ್ಟಿದೆ. ಸಾಕುವ ರೈತನೂ ಕೊಟ್ಟಿದ್ದಾನೆ. ಗುತ್ತಿಗೆ ಸಾಕಣೆಯಲ್ಲಿ ಮರಿ, ಮೇವು, ಔಷಧಿ ಕಂಪೆನಿಯದ್ದು. ಶೆಡ್, ಅದರ ಸಾಲ, ಹಗಲಿರುಳಿನ ದುಡಿಮೆ ರೈತನದ್ದು. ಅವನ ಕೈಗೆ ಬರುವುದು ಕಿಲೋ ಲೆಕ್ಕದ ಕೂಲಿ. ಅವನನ್ನು ಕ್ರೂರಿ ಎನ್ನಲು ನನಗೆ ಮನಸ್ಸಿಲ್ಲ. ಅಷ್ಟಕ್ಕೂ ನಮ್ಮ ಮದುವೆಗಳಲ್ಲಿ ಅರ್ಧ ತಿಂದು ಎಲೆಯಲ್ಲೇ ಬಿಡುವ ಕಾಲುಗಳನ್ನು ನೋಡಿದರೆ, ಬಡವನ ಹೆಸರು ಹೇಳಲು ನಾಚಿಕೆಯಾಗಬೇಕು.

ವಾರಕ್ಕೆ ಮೂರು ದಿನ ಬ್ರಾಯ್ಲರ್ ತರುವ ಮನೆಯವರು ಒಂದೇ ದಿನ ಊರ ಕೋಳಿ ತಂದು ನೋಡಿ. ಉಳಿದ ಎರಡು ದಿನಕ್ಕೆ ಹುರುಳಿ ಇದೆ, ಬಂಗುಡೆ ಇದೆ. ಅಂಗಡಿಯಲ್ಲಿ ಕಾಲು ಹಿಡಿದು ತಲೆಕೆಳಗಾಗಿ ನೇತಾಡಿಸುವುದನ್ನು, ಒಂದರ ಎದುರೇ ಇನ್ನೊಂದನ್ನು ಕೊಯ್ಯುವುದನ್ನು ಕಂಡರೆ ಬೇಡವೆನ್ನಿ. ಗಿರಾಕಿ ಹೇಳಿದರೆ ಅಂಗಡಿಯವರು ಕೇಳುತ್ತಾರೆ. ಹಿತ್ತಲಲ್ಲಿ ಜಾಗವಿರುವವರು ನಾಲ್ಕು ಕೋಳಿ ಸಾಕಬಹುದು. ಊರ ತಳಿ ಸಿಗದಿದ್ದರೆ ಬೆಂಗಳೂರಿನಲ್ಲಿ ಹಿತ್ತಲ ಸಾಕಣೆಗೆಂದೇ ರೂಪಿಸಿದ ಗಿರಿರಾಜ ಇದೆ. ಅಡಿಗೆಮನೆಯ ಉಳಿಕೆ, ಹುಳಹುಪ್ಪಟೆ ತಿಂದು ಬೆಳೆಯುತ್ತದೆ. ಸಂಜೆ ಗೂಡಿಗೆ ಸೇರಿಸುವ ಕೆಲಸ ಮಕ್ಕಳಿಗೆ ಬಿಡಿ. ಮುಂಗುಸಿಯ ಕಾಟವಿರುವ ಕಡೆ ಗೂಡಿನ ಬಾಗಿಲು ಮಾತ್ರ ಭದ್ರವಾಗಿರಲಿ.