ಚಿಗವ್ವನ ಚೀಟಿಯಲ್ಲಿ ಇಲ್ಲದ ಮಾತು

ಬ್ಲಾಗಿನ ಕಡೆ ತಲೆ ಹಾಕದೇ ಮೂರು ತಿಂಗಳಾಯ್ತು. ಆಫೀಸು, ಮಗನ ಪರೀಕ್ಷೆ, ಅದೂ ಇದೂ.. ನೆಪಗಳಿಗೇನು ಬರ! ಆದರೆ ಈ ಸಲ ಊರಿಗೆ ಹೋಗಿ ಬಂದ ಮೇಲೆ ಬರೆಯದೇ ಇರೋಕೆ ಆಗಲಿಲ್ಲ. ವಿಷಯ ಹೆಂಗಸರದ್ದು. ಗಂಡಸರೂ ಓದಬಹುದು, ಓದಲೇಬೇಕು. ನಿಮ್ಮ ಮನೆಯಲ್ಲೂ ಅಮ್ಮ, ಅಕ್ಕ, ಹೆಂಡತಿ ಇದ್ದಾರಲ್ಲ :)

ನನಗೀಗ ನಲವತ್ತೆಂಟು. ಮುಟ್ಟು ನಿಂತು ಒಂದು ವರ್ಷದ ಮೇಲಾಯ್ತು. ಮೀಟಿಂಗಿನ ಮಧ್ಯೆ ಇದ್ದಕ್ಕಿದ್ದಂತೆ ಎದೆಯಿಂದ ಕಿವಿಯವರೆಗೆ ಬೆಂಕಿ ಏರಿದಂತಾಗುತ್ತೆ. ರಾತ್ರಿ ಎರಡು ಗಂಟೆಗೆ ದಿಂಬು ಒದ್ದೆ. ಸಣ್ಣ ಮಾತಿಗೂ ಮಗನ ಮೇಲೆ ರೇಗುತ್ತೇನೆ. ಬೆಂಗಳೂರಿನ ನಮ್ಮ ಡಾಕ್ಟರಮ್ಮ ಎಲ್ಲ ಕೇಳಿಸಿಕೊಂಡು, "ಹಾರ್ಮೋನ್ ಶುರು ಮಾಡೋಣ್ವಾ?" ಅಂದರು. ನಾನು ಹೌಹಾರಿಬಿಟ್ಟೆ. ಹಾರ್ಮೋನ್ ಅಂದರೆ ಸ್ತನ ಕ್ಯಾನ್ಸರ್ ಅನ್ನೋದು ನನ್ನ ತಲೆಯಲ್ಲಿ ಎಂದೋ ಅಚ್ಚೊತ್ತಿತ್ತು. "ಊರಿಂದ ಬಂದು ಹೇಳ್ತೀನಿ ಮೇಡಂ" ಅಂತ ತಪ್ಪಿಸಿಕೊಂಡು ಬಂದೆ.

ನಮ್ಮೂರು ಹಿರೇಹಡಗಲಿ. ಮೊದಲು ಬಳ್ಳಾರಿ ಜಿಲ್ಲೆ, 2021ರಿಂದ ವಿಜಯನಗರ ಜಿಲ್ಲೆ. ಹಳೇ ಗುಡಿಗಳ ಹುಚ್ಚಿರುವವರಿಗೆ ನಮ್ಮ ಕಲ್ಲೇಶ್ವರ ಗುಡಿ ಗೊತ್ತಿರುತ್ತೆ. ಅಲ್ಲಿ ನಮ್ಮ ಚಿಗವ್ವ ಇದ್ದಾಳೆ. ವಯಸ್ಸು ಅರವತ್ತು ದಾಟಿದೆ, ಕೋಲು ಹಿಡಿದು ನಡೆಯುತ್ತಾಳೆ. ಅವತ್ತು ರಾತ್ರಿ ಅಂಗಳದಲ್ಲಿ ಹಾಸಿಕೊಂಡು ಮಲಗಿದ್ದಾಗ ನನಗೆ ಬೆಂಕಿ ಏರಿತು. ಎದ್ದು ಕೂತು ಸೆರಗಿಂದ ಗಾಳಿ ಹಾಕಿಕೊಳ್ಳುತ್ತಿದ್ದೆ. ಚಿಗವ್ವ ಕತ್ತಲಲ್ಲೇ ಕೇಳಿದಳು.

"ಯಾಕವಾ, ಝಳ ಬಂತೇನು?"

"ಹೂಂ ಚಿಗವ್ವಾ. ನಿಂಗೂ ಹಿಂಗ ಆಗ್ತಿತ್ತೇನು?"

"ನಂಗ ಮೂವತ್ಮೂರಕ್ಕ ಬಂತು ನೋಡು. ಚೀಲಾ ತೆಗದ್ರಲ್ಲ, ಅದರ ಮ್ಯಾಲೆ. ತಿಂಗಳಾ ಕಾಟ ತಪ್ಪಿತು ಅಂತ ಖುಷಿ ಪಟ್ಟಿದ್ದೆ. ಈ ಬೆಂಕಿ ಎಲ್ಲಿಂದ ಬಂತೋ ತಿಳೀಲಿಲ್ಲ. ಯಾರಿಗೆ ಹೇಳೂದು? ಗಾಳಿ ಸೋಕೈತಿ ಅಂದ್ರು, ಮಂತ್ರಿಸಿದ ದಾರ ಕಟ್ಟಿದ್ರು."

ನನಗೆ ಆಮೇಲೆ ನಿದ್ದೆ ಬರಲಿಲ್ಲ.

ಬೆಳಿಗ್ಗೆ ಟ್ರಂಕು ತೆಗೆಸಿ ಹಳೇ ಆಸ್ಪತ್ರೆ ಚೀಟಿಗಳನ್ನು ಹುಡುಕಿದೆ. 1998ರ ಡಿಸ್ಚಾರ್ಜ್ ಚೀಟಿ ಸಿಕ್ಕಿತು. (ಯಾವ ಆಸ್ಪತ್ರೆ ಅಂತ ಬರೆಯೋಲ್ಲ, ಈಗ ಅದರಿಂದ ಉಪಯೋಗ ಏನೂ ಇಲ್ಲ.) ಗರ್ಭಕೋಶದ ಜೊತೆಗೆ ಎರಡೂ ಅಂಡಾಶಯ ತೆಗೆದಿದ್ದೇವೆ ಅಂತ ಇಂಗ್ಲಿಷಿನಲ್ಲಿ ಒಂದು ಸಾಲು. ಕೆಳಗೆ ಕಬ್ಬಿಣದ ಮಾತ್ರೆ, ನೋವಿನ ಮಾತ್ರೆ, 'ಭಾರ ಎತ್ತಬಾರದು'. ಅಷ್ಟೇ. ಚಿಗವ್ವನಿಗೆ ಅಂಡಾಶಯ ಹೋಗಿರುವ ವಿಷಯವೇ ಗೊತ್ತಿಲ್ಲ! 'ಚೀಲ' ಅಂದರೆ ಎಲ್ಲ ಒಂದೇ ಅಂದುಕೊಂಡಿದ್ದಳು. ನಲವತ್ತನಾಲ್ಕಕ್ಕೆ ಬಚ್ಚಲಲ್ಲಿ ಜಾರಿ ಮುಂಗೈ ಮುರಿಯಿತು. ಐವತ್ತೊಂದಕ್ಕೆ ಸೊಂಟದ ಮೂಳೆ. ಇದಕ್ಕೂ ಅದಕ್ಕೂ ಸಂಬಂಧ ಇದ್ದೇ ಇದೆ ಅಂತ ನಾನು ಪ್ರಮಾಣ ಮಾಡಿ ಹೇಳಲಾರೆ. ಆದರೆ ಸಂಬಂಧ ಇರಬಹುದು ಅಂತಲೂ ಯಾರೂ ಅವಳಿಗೆ ಹೇಳಿರಲಿಲ್ಲ.

ಬೆಂಗಳೂರಿಗೆ ಬಂದ ಮೇಲೆ ಹದಿನೈದು ದಿನ ಇದರ ಬಗ್ಗೆಯೇ ಓದಿದೆ, ಡಾಕ್ಟರಮ್ಮನ ತಲೆಯನ್ನೂ ತಿಂದೆ. ನಾನು ಡಾಕ್ಟರಲ್ಲ, ಮೊದಲೇ ಹೇಳಿಬಿಡ್ತೀನಿ. ನನಗೆ ಅರ್ಥವಾದದ್ದು ಇಷ್ಟು.

ಮುಟ್ಟು ನಿಂತ ಮೇಲೆ ಅಂಡಾಶಯದಲ್ಲಿ ಈಸ್ಟ್ರೋಜೆನ್ ತಯಾರಾಗುವುದು ಹೆಚ್ಚೂಕಡಿಮೆ ನಿಂತೇ ಹೋಗುತ್ತೆ. ಝಳ, ನಿದ್ದೆಗೇಡು, ಯೋನಿ ಒಣಗುವುದು, ಮೂಳೆ ಸವೆಯುವುದು ಎಲ್ಲಕ್ಕೂ ಮೂಲ ಅಲ್ಲಿದೆ. ಹಾಗಾದರೆ ಹೊರಗಿಂದ ಕೊಟ್ಟರೆ ಆಯ್ತಲ್ಲ ಅನ್ನೋದು ಹಳೇ ಯೋಚನೆ. 1966ರಲ್ಲಿ ರಾಬರ್ಟ್ ವಿಲ್ಸನ್ ಅನ್ನೋ ಅಮೆರಿಕದ ಡಾಕ್ಟರು 'ಫೆಮಿನೈನ್ ಫಾರೆವರ್' ಅಂತ ಪುಸ್ತಕ ಬರೆದು, ಮುಟ್ಟು ನಿಲ್ಲುವುದೇ ಒಂದು ರೋಗ, ಈಸ್ಟ್ರೋಜೆನ್ ತಗೊಂಡರೆ ಸದಾ ಹರೆಯ ಅಂತ ಸಾರಿದರು. ಮಾತ್ರೆ ಭರ್ಜರಿಯಾಗಿ ಮಾರಾಟವಾಯ್ತು. 1975ರಲ್ಲಿ, ಗರ್ಭಕೋಶ ಇರುವವರು ಬರೀ ಈಸ್ಟ್ರೋಜೆನ್ ತಗೊಂಡರೆ ಗರ್ಭಕೋಶದ ಒಳಪದರಕ್ಕೆ ಕ್ಯಾನ್ಸರ್ ಬರುವ ಸಂಭವ ಹೆಚ್ಚು ಅಂತ ಅಧ್ಯಯನಗಳು ಬಂದವು. ಆಮೇಲೆ ಅಂಥವರಿಗೆ ಜೊತೆಯಲ್ಲಿ ಪ್ರೊಜೆಸ್ಟರಾನ್ ಜಾತಿಯ ಇನ್ನೊಂದು ಹಾರ್ಮೋನ್ ಕೊಡುವ ಪದ್ಧತಿ ಬಂತು.

ನಾವೆಲ್ಲ ಹೆದರಿದ್ದು 2002ರ ಜುಲೈ ಸುದ್ದಿಗೆ. ಅಮೆರಿಕದ 'ವಿಮೆನ್ಸ್ ಹೆಲ್ತ್ ಇನಿಷಿಯೇಟಿವ್' ಅನ್ನೋ ದೊಡ್ಡ ಅಧ್ಯಯನದಲ್ಲಿ ಗರ್ಭಕೋಶ ಇರುವ 16,608 ಹೆಂಗಸರಲ್ಲಿ ಒಂದು ಗುಂಪಿಗೆ ಎರಡೂ ಹಾರ್ಮೋನ್, ಇನ್ನೊಂದು ಗುಂಪಿಗೆ ಸುಳ್ಳು ಮಾತ್ರೆ ಕೊಟ್ಟಿದ್ದರು. ಅದನ್ನು ಅವಧಿಗೆ ಮುಂಚೆಯೇ ನಿಲ್ಲಿಸಿದರು. ಸ್ತನ ಕ್ಯಾನ್ಸರ್ 26% ಜಾಸ್ತಿ ಅಂತ ಪತ್ರಿಕೆಗಳಲ್ಲಿ ಬಂತು. 26% ಅಂದರೆ ಯಾರಿಗೆ ಗಾಬರಿಯಾಗಲ್ಲ ಹೇಳಿ? ಆದರೆ ಅದೇ ಲೆಕ್ಕವನ್ನು ಹೀಗೂ ಹೇಳಬಹುದು: ಹತ್ತು ಸಾವಿರ ಹೆಂಗಸರಲ್ಲಿ ಒಂದು ವರ್ಷಕ್ಕೆ ಸುಳ್ಳು ಮಾತ್ರೆಯವರಲ್ಲಿ 30 ಜನಕ್ಕೆ ಸ್ತನ ಕ್ಯಾನ್ಸರ್, ಹಾರ್ಮೋನ್ ತಗೊಂಡವರಲ್ಲಿ 38. ಅಂದರೆ ಎಂಟು ಜನ ಹೆಚ್ಚು. ಲಕ್ವ ಹೊಡೆದವರೂ ಎಂಟು ಜನ ಹೆಚ್ಚು, ಹೃದಯಾಘಾತದಂಥ ತೊಂದರೆಯವರು ಏಳು ಜನ ಹೆಚ್ಚು, ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟಿದವರು ಎಂಟು ಜನ ಹೆಚ್ಚು. ಇನ್ನೊಂದು ಕಡೆ ಸೊಂಟದ ಮೂಳೆ ಮುರಿದವರು ಐದು ಜನ ಕಡಿಮೆ, ದೊಡ್ಡ ಕರುಳಿನ ಕ್ಯಾನ್ಸರ್ ಆರು ಜನ ಕಡಿಮೆ.

ಎಂಟು ಅಂದರೆ ಸೊನ್ನೆ ಅಲ್ಲ. ಆ ಎಂಟರಲ್ಲಿ ನಾನೂ ಒಬ್ಬಳಾಗಬಹುದು. ಆದರೆ ಲೆಕ್ಕ ಕೇಳಿದ ಮೇಲೆ ಬರುವ ಭಯ ಬೇರೆ, ಲೆಕ್ಕವೇ ಗೊತ್ತಿಲ್ಲದ ಭಯ ಬೇರೆ.

ಇನ್ನೂ ಎರಡು ವಿಷಯ ಸುದ್ದಿಯ ಗದ್ದಲದಲ್ಲಿ ಮುಳುಗಿಹೋದವು. ಒಂದು, ಆ ಹೆಂಗಸರ ಸರಾಸರಿ ವಯಸ್ಸು 63. ಮುಟ್ಟು ನಿಂತು ಹತ್ತು ಹದಿನೈದು ವರ್ಷ ಆದವರೇ ಬಹಳ. ಈಗಿನ ತಜ್ಞರ ಒಟ್ಟಾರೆ ಅಭಿಪ್ರಾಯ ಏನಪ್ಪಾ ಅಂದರೆ, ಅರವತ್ತರ ಒಳಗೆ, ಅಥವಾ ಮುಟ್ಟು ನಿಂತು ಹತ್ತು ವರ್ಷದ ಒಳಗೆ ಶುರು ಮಾಡಿದರೆ, ಝಳದ ಕಾಟ ಜೋರಾಗಿರುವ ಆರೋಗ್ಯವಂತ ಹೆಂಗಸಿಗೆ ಸಾಮಾನ್ಯವಾಗಿ ಅಪಾಯಕ್ಕಿಂತ ಲಾಭವೇ ಹೆಚ್ಚು. ಸ್ತನ ಕ್ಯಾನ್ಸರ್, ಲಕ್ವ, ಹೃದಯಾಘಾತ, ರಕ್ತ ಹೆಪ್ಪುಗಟ್ಟುವ ತೊಂದರೆ ಆಗಿದ್ದವರಿಗೆ, ಲಿವರ್ ಕಾಯಿಲೆಯವರಿಗೆ, ಕಾರಣ ಗೊತ್ತಿಲ್ಲದೆ ರಕ್ತ ಹೋಗುತ್ತಿರುವವರಿಗೆ ಸಾಮಾನ್ಯವಾಗಿ ಕೊಡುವುದಿಲ್ಲ. ಮಾತ್ರೆಗಿಂತ ಚರ್ಮಕ್ಕೆ ಹಚ್ಚುವ ಜೆಲ್, ಪಟ್ಟಿಗಳಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಕಡಿಮೆ. 2025ರ ನವೆಂಬರಿನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಈ ಔಷಧಗಳ ಪೊಟ್ಟಣದ ಮೇಲೆ ದಪ್ಪಕ್ಷರದಲ್ಲಿದ್ದ ಹೃದಯ ಮತ್ತು ಸ್ತನ ಕ್ಯಾನ್ಸರಿನ ಎಚ್ಚರಿಕೆಯನ್ನು ತೆಗೆಸುವುದಾಗಿ ಘೋಷಿಸಿತು. ಹಾಗಂತ ಮತ್ತೆ 1966ಕ್ಕೆ ಓಡುವುದು ಬೇಡ! ಝಳಕ್ಕೆ ಔಷಧಿ ಅನ್ನೋದು ನಿಜ, ಹರೆಯಕ್ಕೆ ಔಷಧಿ ಅನ್ನೋದು ಸುಳ್ಳು.

ಎರಡನೆಯದು ನಮ್ಮ ಚಿಗವ್ವನಂಥವರಿಗೆ ಸಂಬಂಧಪಟ್ಟಿದ್ದು. ಅದೇ ಅಧ್ಯಯನದಲ್ಲಿ ಗರ್ಭಕೋಶ ತೆಗೆಸಿಕೊಂಡ 10,739 ಹೆಂಗಸರ ಬೇರೆ ಗುಂಪು ಇತ್ತು. ಅವರಿಗೆ ಗರ್ಭಕೋಶದ ಕ್ಯಾನ್ಸರಿನ ಭಯ ಇಲ್ಲವಲ್ಲ, ಹಾಗಾಗಿ ಬರೀ ಈಸ್ಟ್ರೋಜೆನ್. ಅದರ ಫಲಿತಾಂಶ 2004ರಲ್ಲಿ ಬಂತು. ಲಕ್ವ ಹತ್ತು ಸಾವಿರಕ್ಕೆ 12 ಹೆಚ್ಚು, ಸೊಂಟದ ಮೂಳೆ ಮುರಿತ 6 ಕಡಿಮೆ, ಸ್ತನ ಕ್ಯಾನ್ಸರ್ ಹೆಚ್ಚಲಿಲ್ಲ. ಅಂದರೆ ನಾವೆಲ್ಲ 'ಹಾರ್ಮೋನ್' ಅಂತ ಒಂದೇ ಹೆಸರಿಟ್ಟು ಹೆದರುತ್ತಿದ್ದದ್ದು ಒಂದೇ ವಸ್ತು ಅಲ್ಲವೇ ಅಲ್ಲ. ಯಾರಿಗೆ, ಯಾವ ವಯಸ್ಸಿಗೆ, ಗರ್ಭಕೋಶ ಇದೆಯೋ ಇಲ್ಲವೋ ಅನ್ನುವುದರ ಮೇಲೆ ಎಲ್ಲ ಬದಲಾಗುತ್ತೆ.

ಇನ್ನು ಆ ಗುಂಪಿನವರೂ ಐವತ್ತು ದಾಟಿದವರು. ಚಿಗವ್ವನಿಗೆ ಮೂವತ್ಮೂರು. ನಮ್ಮ ದೇಶದಲ್ಲಿ ಮುಟ್ಟು ತಾನಾಗಿ ನಿಲ್ಲುವ ಸರಾಸರಿ ವಯಸ್ಸು ಸುಮಾರು 46-47. ಅಂದರೆ ಹದಿಮೂರು ವರ್ಷ ಅವಳ ಮೈಯಲ್ಲಿ ಇರಬೇಕಾಗಿದ್ದ ಹಾರ್ಮೋನನ್ನು ಒಂದೇ ಮಧ್ಯಾಹ್ನ ಕತ್ತರಿಸಿ ತೆಗೆದರು. ನನಗೆ ಕೊಡುವ ಹಾರ್ಮೋನ್ ವಯಸ್ಸು ಕಿತ್ತುಕೊಂಡದ್ದರಲ್ಲಿ ಸ್ವಲ್ಪ ವಾಪಸ್ ಕೇಳಿದ ಹಾಗೆ. ಅವಳಿಗೆ ಕೊಡಬೇಕಿದ್ದದ್ದು ಅವಳದೇ ಬಾಕಿ. ನಲವತ್ತರೊಳಗೆ ಎರಡೂ ಅಂಡಾಶಯ ಹೋದವರಿಗೆ, ಬೇರೆ ಅಡ್ಡಿ ಇಲ್ಲದಿದ್ದರೆ, ಮುಟ್ಟು ಸಹಜವಾಗಿ ನಿಲ್ಲುವ ವಯಸ್ಸಿನವರೆಗೆ ಹಾರ್ಮೋನ್ ಕೊಡಿ ಅಂತಲೇ ತಜ್ಞರ ಮಾರ್ಗಸೂಚಿಗಳು ಹೇಳುತ್ತವೆ. ಮೂಳೆಗೆ, ಹೃದಯಕ್ಕೆ, ಎರಡಕ್ಕೂ.

"ಹಾಗಾದ್ರೆ ಈಗ ಕೊಡಿ ಮೇಡಂ" ಅಂತ ಚಿಗವ್ವನ ಚೀಟಿ ತೋರಿಸಿದೆ. ಡಾಕ್ಟರಮ್ಮ ತುಂಬ ಹೊತ್ತು ಅದನ್ನೇ ನೋಡಿದರು. "ಈಗ ಹೊಸದಾಗಿ ಶುರು ಮಾಡೋ ವಯಸ್ಸು ದಾಟಿತು. ಲಕ್ವದ ಭಯ ಜಾಸ್ತಿ. ಮೂಳೆಗೆ ಬೇರೆ ಔಷಧಿ ಇದೆ, ಅದನ್ನ ನೋಡೋಣ. ಇದು ಅವತ್ತೇ ಕೊಡಬೇಕಾಗಿದ್ದು" ಅಂದರು.

ಅವತ್ತೇ! ಅವತ್ತು ಆಪರೇಷನ್ನಿಗೆ ದುಡ್ಡು ಹೊಂದಿಸೋಕೆ ಕಾಕಾ ಎತ್ತು ಮಾರಿದ್ದ. ಮಾತ್ರೆಗೂ ಏನಾದರೂ ಮಾರುತ್ತಿದ್ದನೇನೋ. ಕೇಳಿದವರು ಯಾರು?

ಇದು ಬರೀ ನಮ್ಮ ಮನೆಯ ಕಥೆ ಆಗಿದ್ದರೆ ಬ್ಲಾಗಿಗೆ ಹಾಕುತ್ತಿರಲಿಲ್ಲ. ಕಲಬುರಗಿ ಕಡೆ ಲಂಬಾಣಿ ತಾಂಡಾಗಳ ಮತ್ತು ದಲಿತ ಕೇರಿಗಳ ಚಿಕ್ಕ ವಯಸ್ಸಿನ ಹೆಂಗಸರಿಗೆ ಖಾಸಗಿ ಆಸ್ಪತ್ರೆಗಳಲ್ಲಿ ಬೇಕಿಲ್ಲದೆಯೂ ಗರ್ಭಕೋಶ ತೆಗೆದಿದ್ದಾರೆ ಅಂತ 2015ರ ಸುಮಾರಿಗೆ ಕರ್ನಾಟಕ ಜನಾರೋಗ್ಯ ಚಳವಳಿಯವರು ಹೋರಾಟ ಮಾಡಿದ್ದು ನೆನಪಿರಬಹುದು. ನಮ್ಮೂರ ಕಡೆಯಿಂದ ತುಂಗಭದ್ರೆ ದಾಟಿದರೆ ಹಾವೇರಿ ಜಿಲ್ಲೆ. ಅಲ್ಲಿ ರಾಣೆಬೆನ್ನೂರು ತಾಲ್ಲೂಕಿನ ಹೆಂಗಸರು ಸರ್ಕಾರಿ ಆಸ್ಪತ್ರೆಯಲ್ಲೇ ತಮಗೆ ಹೀಗಾಯ್ತು ಅಂತ ಆರೋಪ ಮಾಡಿ, ಪರಿಹಾರಕ್ಕಾಗಿ ಬೀದಿಗಿಳಿದರು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ 3.3% ಜನಕ್ಕೆ ಗರ್ಭಕೋಶ ಇಲ್ಲ. ಅವರಲ್ಲಿ ಹತ್ತಿರ ಹತ್ತಿರ ಅರ್ಧ ಜನ 35 ತುಂಬುವ ಮೊದಲೇ ತೆಗೆಸಿಕೊಂಡವರು. 2023ರ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟು, ಅನಗತ್ಯ ಗರ್ಭಕೋಶ ಶಸ್ತ್ರಚಿಕಿತ್ಸೆ ತಡೆಯುವ ಕೇಂದ್ರದ ಮಾರ್ಗಸೂಚಿಯನ್ನು ಮೂರು ತಿಂಗಳೊಳಗೆ ಜಾರಿ ಮಾಡಿ ಅಂತ ಎಲ್ಲ ರಾಜ್ಯಗಳಿಗೂ ಹೇಳಿತು. ಜಿಲ್ಲಾ ಮಟ್ಟದಿಂದ ರಾಷ್ಟ್ರ ಮಟ್ಟದವರೆಗೆ ನಿಗಾ ಸಮಿತಿ ಇರಬೇಕು ಅನ್ನೋದು ಆ ಮಾರ್ಗಸೂಚಿಯಲ್ಲಿದೆ.

ಒಳ್ಳೆಯದೇ. ಆದರೆ ಇದೆಲ್ಲ ಆಪರೇಷನ್ ಆಗುವ ಮುಂಚಿನ ಮಾತು. ಆಗಿಹೋದವರ ಗತಿ? ಅಂಡಾಶಯ ಉಳಿಸಿದ್ದರೂ ಗರ್ಭಕೋಶ ತೆಗೆದವರಿಗೆ ಅಂಡಾಶಯ ಬೇಗ ಸೋಲುವ ಸಂಭವ ಹೆಚ್ಚು. ಆದರೆ ಗರ್ಭಕೋಶ ಇಲ್ಲದವಳಿಗೆ ಮುಟ್ಟು ನಿಂತದ್ದು ಗೊತ್ತಾಗುವುದಾದರೂ ಹೇಗೆ?

ಗೆಳತಿಯೊಬ್ಬಳಿಗೆ ಇದನ್ನೆಲ್ಲ ಹೇಳಿದಾಗ, "ನಿಂಗೇನು ಹುಚ್ಚಾ? ಹಳ್ಳಿ ಹೆಂಗಸರಿಗೆ ಹಾರ್ಮೋನ್ ಅಭ್ಯಾಸ ಮಾಡಿಸಿ ಕಂಪನಿಗಳ ಹೊಟ್ಟೆ ತುಂಬಿಸ್ತೀಯಾ?" ಅಂದಳು. ಅವಳ ಸಿಟ್ಟು ಸುಳ್ಳಲ್ಲ. ಬೇಕಿಲ್ಲದ ಆಪರೇಷನ್ ಮಾಡುವ ಕೈಯೇ ಬೇಕಿಲ್ಲದ ಮಾತ್ರೆಯನ್ನೂ ಬರೆಯಬಹುದು. ವರ್ಷಕ್ಕೊಮ್ಮೆ ಬಿಪಿ, ಸ್ತನ ಪರೀಕ್ಷೆ ಮಾಡಿ ನೋಡುವವರಿಲ್ಲದ ಕಡೆ ಹಾರ್ಮೋನ್ ಹಂಚುವುದೂ ತಪ್ಪೇ. ಆದರೆ 'ಅವರಿಗೆ ಬೇಡ' ಅಂತ ನಾವೇ ತೀರ್ಮಾನ ಮಾಡುವುದು ಯಾವ ನ್ಯಾಯ? ಬೆಂಗಳೂರಿನಲ್ಲಿ ಕೂತ ನನಗೆ ಲಾಭ ನಷ್ಟ ಎರಡನ್ನೂ ಮುಂದಿಟ್ಟು 'ಏನಂತೀರಿ' ಅಂತ ಕೇಳುತ್ತಾರೆ. ಅದಕ್ಕಿಂತ ಹತ್ತು ಪಟ್ಟು ಅಗತ್ಯ ಇದ್ದವಳಿಗೆ ಮಂತ್ರಿಸಿದ ದಾರ!

ಹಾಗಾಗಿ ನನ್ನ ಬೇಡಿಕೆ ಸಣ್ಣದು. ಗರ್ಭಕೋಶ ತೆಗೆದ ಪ್ರತಿ ಹೆಂಗಸಿನ ಡಿಸ್ಚಾರ್ಜ್ ಚೀಟಿಯಲ್ಲಿ ಮೂರು ಸಾಲು ಕನ್ನಡದಲ್ಲಿ ಇರಬೇಕು. ನಿಮ್ಮ ಅಂಡಾಶಯ ಉಳಿಸಿದ್ದೇವೆ, ಅಥವಾ ತೆಗೆದಿದ್ದೇವೆ. ತೆಗೆದಿದ್ದರೆ ಕಾರಣ ಇದು. ಮುಂದೆ ಝಳ, ಮೂಳೆ ಸವೆತ ಬರಬಹುದು, ಹಾರ್ಮೋನ್ ನಿಮಗೆ ಆಗುತ್ತದೋ ಇಲ್ಲವೋ ಇಂಥ ದಿನ ಬಂದು ಕೇಳಿ. ಇಷ್ಟಕ್ಕೆ ಖರ್ಚೇನಿದೆ? ಆಶಾ ಕಾರ್ಯಕರ್ತೆ ಅದನ್ನು ಓದಿ ಹೇಳಿದರೆ ಓದು ಬಾರದವರಿಗೂ ತಿಳಿಯುತ್ತೆ. ಅಲ್ಲಿಯವರೆಗೆ ಈ ಕೆಲಸ ನಾವೇ ಮಾಡಬಹುದು. ಈ ಸಲ ಊರಿಗೆ ಹೋದಾಗ ನಿಮ್ಮ ಅತ್ತೆ, ದೊಡ್ಡವ್ವ, ಚಿಗವ್ವನ ಹಳೇ ಚೀಟಿ ತೆಗೆದು ಓದಿ. ಇನ್ನೂ ನಲವತ್ತು ತುಂಬದ ಅಕ್ಕತಂಗಿಯರು ಇದ್ದರಂತೂ ತಡಮಾಡಬೇಡಿ. ಅವರಿಗಿನ್ನೂ ಹೊತ್ತು ಮೀರಿಲ್ಲ.

ನನ್ನ ವಿಷಯ? ಬಿಪಿ, ಮ್ಯಾಮೋಗ್ರಾಂ ಎಲ್ಲ ನೋಡಿ ಡಾಕ್ಟರಮ್ಮ ಜೆಲ್ ಕೊಟ್ಟರು, ಗರ್ಭಕೋಶ ಇರುವುದರಿಂದ ರಾತ್ರಿಗೊಂದು ಪ್ರೊಜೆಸ್ಟರಾನ್. ವರ್ಷಕ್ಕೊಮ್ಮೆ ಕೂತು ಮುಂದುವರಿಸಬೇಕೋ ಬೇಡವೋ ಮಾತಾಡುವುದು ಅಂತ ಒಪ್ಪಂದ. ಭಯ ಪೂರ್ತಿ ಹೋಗಿಲ್ಲ. ಆದರೆ ಇದು ನಾನು ಕೇಳಿ, ತಿಳಿದು ಹೊತ್ತುಕೊಂಡ ಭಯ.

ಮೊನ್ನೆ ಫೋನಿನಲ್ಲಿ ಚಿಗವ್ವನಿಗೆ ಎಲ್ಲ ಬಿಡಿಸಿ ಹೇಳಿದೆ. ಅಂಡಾಶಯದ ವಿಷಯವನ್ನೂ. ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, "ಹಂಗಾರ ಗಾಳಿ ಸೋಕಿದ್ದಲ್ಲನ್ನು. ನಂದ ಏನೋ ತಪ್ಪು ಅಂತ ಇಷ್ಟು ದಿನ ತಿಳಕೊಂಡಿದ್ನೆವಾ" ಅಂದಳು.

ನಿಮ್ಮ ಮನೆಗಳಲ್ಲಿ ಹೇಗೆ? ಇಷ್ಟವಿದ್ದವರು ಬರೆಯಿರಿ, ಹೆಸರು ಹಾಕದೇ ಬರೆದರೂ ಸರಿ. ನನ್ನ ಮಾತು ತಪ್ಪು ಅನ್ನಿಸಿದರೆ ಜಗಳಕ್ಕೂ ಬನ್ನಿ :)