ಫೋಟೊದಲ್ಲಿರುವವರಿಗೂ ಒಂದು ಹೆಸರಿದೆ

ಗಲ್ಫ್ ಕಾರ್ಮಿಕರ ಬಗ್ಗೆ ಪತ್ರಿಕೆ, ಟಿ.ವಿ.ಗಳಲ್ಲಿ ಬರುವ ಚಿತ್ರಗಳನ್ನು ಗಮನಿಸಿ. ಕ್ಯಾಂಪಿನ ಕೋಣೆಯಲ್ಲಿ ಒಂದರ ಮೇಲೊಂದು ಮಂಚ, ಬಿಸಿಲಿಗೆ ಮುಖ ಮುಚ್ಚಿಕೊಂಡ ಗುಂಪು, ವಿಮಾನ ನಿಲ್ದಾಣದಲ್ಲಿ ಸಾಲಾಗಿಟ್ಟ ಶವಪೆಟ್ಟಿಗೆಗಳು. 2024ರ ಜೂನ್‌ನಲ್ಲಿ ಕುವೈತ್‌ನ ಮಂಗಾಫ್‌ನಲ್ಲಿ ಕಾರ್ಮಿಕರ ವಸತಿ ಕಟ್ಟಡಕ್ಕೆ ಬೆಂಕಿ ಬಿದ್ದು 40ಕ್ಕೂ ಹೆಚ್ಚು ಭಾರತೀಯರು ಸತ್ತಾಗ ಕಂಡದ್ದೂ ಇಂಥವೇ. ಮನೆಯ ವಾಟ್ಸ್‌ಆ್ಯಪ್‌ಗೆ ಬರುವ ಫೋಟೊಗಳ ಕಥೆಯೇ ಬೇರೆ: ಇಸ್ತ್ರಿ ಮಾಡಿದ ಅಂಗಿ, ಕಪ್ಪು ಕನ್ನಡಕ, ಹಿಂದೆ ಬುರ್ಜ್ ಖಲೀಫಾ. ಒಂದರಲ್ಲಿ ಬರೀ ಗೋಳು, ಇನ್ನೊಂದರಲ್ಲಿ ಬರೀ ಸೊಗಸು. ಕೆಲಸ ಬಲ್ಲ, ಕಷ್ಟ ನುಂಗಿಕೊಂಡು ಮನೆ ನಡೆಸುವ ನಮ್ಮವರು ಎರಡರಲ್ಲೂ ಕಾಣುವುದಿಲ್ಲ.

ಅವರನ್ನು ಕಾಣಿಸುವುದು ಹೇಗೆ ಎಂಬುದಕ್ಕೆ ಕುವೈತ್‌ನದೇ ಒಂದು ಮಾದರಿ ಇದೆ. 1991ರಲ್ಲಿ ಹಿಮ್ಮೆಟ್ಟುತ್ತಿದ್ದ ಇರಾಕಿ ಸೈನ್ಯ ಅಲ್ಲಿನ 600ಕ್ಕೂ ಹೆಚ್ಚು ತೈಲ ಬಾವಿಗಳಿಗೆ ಬೆಂಕಿ ಹಚ್ಚಿತು. ಬ್ರೆಜಿಲ್‌ನ ಛಾಯಾಗ್ರಾಹಕ ಸೆಬಾಸ್ಟಿಯೊ ಸಲ್ಗಾಡೊ ಆ ಬೆಂಕಿಯ ನಡುವೆ ಇದ್ದು, ಅದನ್ನು ಆರಿಸುವವರನ್ನು ಸೆರೆಹಿಡಿದರು. ಮೈಯೆಲ್ಲ ಕಚ್ಚಾ ತೈಲ ಮೆತ್ತಿಕೊಂಡು, ದಣಿದು ಕುಸಿದು ಕೂತವರು ಆ ಚಿತ್ರಗಳಲ್ಲಿದ್ದಾರೆ. ನೋಡಿದವರಿಗೆ ಅವರ ಬಗ್ಗೆ ಅಯ್ಯೋ ಎನಿಸುವುದಿಲ್ಲ, ಗೌರವ ಬರುತ್ತದೆ. ಅವರ ಕೈಯಲ್ಲಿ ಕೆಲಸವಿದೆ, ಆ ಕೆಲಸ ಎಷ್ಟು ಕಠಿಣ ಎಂಬುದೂ ಕಾಣುತ್ತದೆ.

ಆದರೂ ಸಲ್ಗಾಡೊ ಅವರ ಮೇಲೊಂದು ಆಕ್ಷೇಪವಿತ್ತು. ವಲಸಿಗರ ಕುರಿತ ಅವರ ಚಿತ್ರಗಳ ಅಡಿಬರಹದಲ್ಲಿ ಜನರ ಹೆಸರೇ ಇಲ್ಲ ಎಂದು ಅಮೆರಿಕದ ಲೇಖಕಿ ಸೂಸನ್ ಸೊಂಟಾಗ್ 2003ರಲ್ಲಿ ಬರೆದರು. ಪ್ರಸಿದ್ಧರಿಗಷ್ಟೇ ಹೆಸರು ಕೊಟ್ಟರೆ, ಉಳಿದವರು ತಮ್ಮ ಕಸುಬಿಗೋ ಸಂಕಟಕ್ಕೋ ಒಂದು ಉದಾಹರಣೆಯಾಗಿಬಿಡುತ್ತಾರೆ ಎಂಬುದು ಅವರ ವಾದ.

ಈ ವಾದ ಎಷ್ಟು ಸರಿ ಎಂಬುದಕ್ಕೆ ಡೊರೊಥಿಯಾ ಲ್ಯಾಂಗ್ 1936ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ತೆಗೆದ ‘ವಲಸೆ ತಾಯಿ’ ಚಿತ್ರವೇ ಸಾಕ್ಷಿ. ಬಟಾಣಿ ಕೀಳುವವರ ಶಿಬಿರದಲ್ಲಿ ಮಕ್ಕಳನ್ನು ತಬ್ಬಿ ಕೂತಿದ್ದ 32 ವರ್ಷದ ಆ ಮಹಿಳೆಯ ಮುಖವನ್ನು ಜಗತ್ತೇ ನೋಡಿತು. ಪತ್ರಿಕೆಯಲ್ಲಿ ಚಿತ್ರ ಬಂದ ಮೇಲೆ ಸರ್ಕಾರ ಶಿಬಿರಕ್ಕೆ ಆಹಾರ ಕಳುಹಿಸಿತು. ಅಷ್ಟರಲ್ಲಿ ಆಕೆಯ ಕುಟುಂಬ ಅಲ್ಲಿಂದ ಹೊರಟುಹೋಗಿತ್ತು. ಆಕೆ ಫ್ಲಾರೆನ್ಸ್ ಓವೆನ್ಸ್ ಥಾಂಪ್ಸನ್ ಎಂದು ಲೋಕಕ್ಕೆ ತಿಳಿದದ್ದು 1978ರಲ್ಲಿ. ತನ್ನ ಹೆಸರನ್ನೂ ಕೇಳಲಿಲ್ಲ, ಆ ಚಿತ್ರದಿಂದ ತನಗೊಂದು ಕಾಸೂ ಬರಲಿಲ್ಲ ಎಂಬ ನೋವು ಆಕೆಗಿತ್ತು. ಒಳ್ಳೆಯ ಉದ್ದೇಶದಿಂದ ತೆಗೆದ, ಒಳ್ಳೆಯ ಫಲವನ್ನೂ ಕೊಟ್ಟ ಚಿತ್ರದಲ್ಲಿಯೇ ಹೀಗಾಯಿತು.

ಹಾಗೆಂದು ಕಷ್ಟವನ್ನು ಮುಚ್ಚಿಡಿ ಎನ್ನುತ್ತಿಲ್ಲ. ಇಕ್ಕಟ್ಟಿನ ಕೋಣೆ, ಬಾಕಿ ಉಳಿದ ಸಂಬಳ ಸುದ್ದಿಯಾಗಲೇಬೇಕು. ಜತೆಗೆ ಅದೇ ವ್ಯಕ್ತಿ ಎಂಥ ವೆಲ್ಡರ್, ಎಂಥ ನರ್ಸ್, ಎಷ್ಟು ವರ್ಷದ ಅನುಭವಿ ಎಂಬುದೂ ಚಿತ್ರದಲ್ಲಿರಲಿ. ಮೊದಲು ಅವರ ಒಪ್ಪಿಗೆ ಕೇಳಬೇಕು. ಯುಎಇಯಲ್ಲಂತೂ ಅನುಮತಿಯಿಲ್ಲದೆ ಇನ್ನೊಬ್ಬರ ಫೋಟೊ ತೆಗೆದರೆ ಜೈಲು, ದಂಡ ಎರಡೂ ಆಗಬಹುದು. ಹೆಸರು ಹಾಕಬೇಕೋ ಬೇಡವೋ ಎಂಬುದನ್ನೂ ಅವರೇ ಹೇಳಲಿ. ಸಂಬಳ ಕೇಳಿದ್ದಕ್ಕೆ ಫೋಟೊ ಬಂದು, ಆ ಫೋಟೊದಿಂದ ಕೆಲಸ ಹೋದರೆ ಹೊಣೆ ಯಾರು? ಊರಲ್ಲಿ ಹಣಕ್ಕಾಗಿ ಕಾಯುತ್ತಿರುವ ಮನೆಯವರಿಗೆ ಇದು ಸಣ್ಣ ಮಾತಲ್ಲ.

ಈ ದಾರಿ ನಮಗೆ ಹೊಸದೂ ಅಲ್ಲ. ಮೈಸೂರಿನ ಟಿ.ಎಸ್. ಸತ್ಯನ್ ಜೀವನವಿಡೀ ಸಾಮಾನ್ಯರನ್ನೇ ಚಿತ್ರಿಸಿದರು. ಯುನಿಸೆಫ್‌ಗಾಗಿ ಮಕ್ಕಳ ಬದುಕನ್ನು ದಾಖಲಿಸಿದರು. 1977ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಬಡವರ ಮಕ್ಕಳೂ ಅವರ ಚಿತ್ರಗಳಲ್ಲಿ ಮಕ್ಕಳಾಗಿಯೇ ಇದ್ದಾರೆ, ಆಡುತ್ತಾರೆ, ನಗುತ್ತಾರೆ.

ವಿದೇಶದ ಕನ್ನಡ ಸಂಘಗಳು ರಾಜ್ಯೋತ್ಸವದ ವೇದಿಕೆಗೆ ಗಣ್ಯರ ಫೋಟೊ ಹಾಕುತ್ತವೆ. ಈ ನವೆಂಬರ್‌ನಲ್ಲಿ ಅದರ ಪಕ್ಕದಲ್ಲಿ ಅಲ್ಲಿನ ಕನ್ನಡಿಗ ಚಾಲಕರು, ಅಡುಗೆಯವರು, ಮನೆಗೆಲಸದ ಹೆಣ್ಣುಮಕ್ಕಳು, ಕಟ್ಟಡ ಕಾರ್ಮಿಕರ ಹತ್ತಿಪ್ಪತ್ತು ಚಿತ್ರಗಳನ್ನು, ಒಪ್ಪಿದವರ ಹೆಸರು, ಊರು, ಕಸುಬಿನ ಸಮೇತ ತೂಗುಹಾಕಲಿ. ಪ್ರತಿಯೊಬ್ಬರಿಗೂ ಅವರ ಚಿತ್ರದ ಒಂದು ಪ್ರತಿ ಸಿಗಲಿ.

ಮನೆಯವರೂ ಒಂದು ಕೆಲಸ ಮಾಡಬಹುದು. ಮುಂದಿನ ಸಲ ಫೋನ್ ಬಂದಾಗ, ಕೆಲಸದ ಬಟ್ಟೆಯಲ್ಲಿ ತೆಗೆದ ಒಂದು ಫೋಟೊ ಕೇಳಿ. ಕೆಲಸದ ಜಾಗದಲ್ಲಿ ಫೋಟೊ ತೆಗೆಯಬಾರದೆಂದಿದ್ದರೆ ಕೋಣೆಗೆ ಬಂದ ಮೇಲೆ ತೆಗೆದರೂ ಸಾಕು. ಅದನ್ನು ಪ್ರಿಂಟ್ ಹಾಕಿಸಿ, ಹಿಂದೆ ಹೆಸರು, ಊರು, ವರ್ಷ ಬರೆದಿಡಿ. ತಮ್ಮ ಓದಿನ ಫೀಸು ಎಲ್ಲಿಂದ ಬಂತು ಎಂದು ಮಕ್ಕಳು ನಾಳೆ ಕೇಳಿದಾಗ ತೋರಿಸಲು ಅದಿರಲಿ.